ಸೊಪ್ಪು ತೂಗುವ ತಕ್ಕಡಿಯ ಮೇಲೆ ಭಾರತಮ್ಮ

ಸೋಮವಾರ ಬೆಳಗ್ಗೆ ಕಾಫಿಗೂ ಮುಂಚೆ ಭಾರತಮ್ಮ ತಕ್ಕಡಿ ಹತ್ತಬೇಕು. ಇದು ಗಂಡ ಮುನಿಶಾಮಿ ಮಾಡಿದ ಕಾನೂನು. ತಕ್ಕಡಿ ಎಂದರೆ ಆಸ್ಪತ್ರೆಗಳಲ್ಲಿ ಇರುತ್ತದಲ್ಲ, ಕಾಲಿಟ್ಟರೆ ಮುಳ್ಳು ಓಡುವ ಪುಟ್ಟ ಪೆಟ್ಟಿಗೆ, ಅದಲ್ಲ. ರೇಷ್ಮೆ ಹುಳುಮನೆಯ ಬಾಗಿಲಲ್ಲಿ ಹಿಪ್ಪುನೇರಳೆ ಸೊಪ್ಪಿನ ಹೊರೆ ತೂಗಲು ಇಟ್ಟಿದ್ದ, ಕಬ್ಬಿಣದ ಹಲಗೆಯ, ಕೆಂಪು ಅಂಕಿ ಉರಿಯುವ ದೊಡ್ಡ ತಕ್ಕಡಿ. ಅದರ ಮೇಲೆ ಹೆಂಡತಿಯನ್ನು ನಿಲ್ಲಿಸಿ, ಸೊಂಟದ ಬೀಗದ ಕೈ ಗೊಂಚಲು ತೆಗೆಸಿ, ಸೆರಗಿನ ತುದಿ ನೆಲಕ್ಕೆ ತಾಗದ ಹಾಗೆ ಮಡಿಚಿಸಿ, ಮುನಿಶಾಮಿ ಬಗ್ಗಿ ಅಂಕಿ ಓದುತ್ತಿದ್ದ. ಸೋಮವಾರ ಅಮಾವಾಸ್ಯೆ ಬಿದ್ದರೆ ಮಾತ್ರ ರಜ.

ಗಣೇಶನ ಹಬ್ಬ ಕಳೆದ ಮೇಲಿನ ಸೋಮವಾರ ಅಂಕಿ ಎಪ್ಪತ್ತೇಳು ಮುಕ್ಕಾಲು ತೋರಿಸಿತು. ಮುನಿಶಾಮಿ ನಾಲಿಗೆ ಲೊಚಗುಟ್ಟಿದ. ಕಿವಿಗೆ ಸಿಕ್ಕಿಸಿದ್ದ ಸೀಮೆಸುಣ್ಣ ತೆಗೆದು ಹುಳುಮನೆಯ ಬಾಗಿಲ ಮೇಲೆ ಬರೆದ. ಆ ಬಾಗಿಲ ಮೇಲೆ ಅವನು ಹದಿನಾಲ್ಕು ವರ್ಷದಿಂದ ಒಂದೊಂದು ಬೆಳೆಯ ಲೆಕ್ಕ ಬರೆಯುತ್ತ ಬಂದಿದ್ದ. ಹುಳು ಬಂದ ದಿನ, ಹಾಕಿದ ಸೊಪ್ಪಿನ ತೂಕ, ಗೂಡು ಬಿಡಿಸಿದ ದಿನ. ಯುಗಾದಿಯಿಂದ ಈಚೆಗೆ ಹುಳುಮನೆಗೆ ಬೀಗ ಬಿದ್ದಿತ್ತು. ಬಾಗಿಲ ಮೇಲೆ ಭಾರತಮ್ಮ ಒಬ್ಬಳದೇ ಲೆಕ್ಕ. ಹಾದಿಯಲ್ಲಿ ಹೋಗುವವರೆಲ್ಲ ನಿಂತು ಓದುತ್ತಿದ್ದರು. ಭಾರತಮ್ಮನಿಗೆ ತೂಕಕ್ಕಿಂತ ಹೆಚ್ಚು ಮೈ ಉರಿಸುತ್ತಿದ್ದದ್ದು ಆ ಲೊಚಗುಟ್ಟುವಿಕೆ. ಆರು ತಿಂಗಳ ಅವಳ ಪಾಡನ್ನೆಲ್ಲ ಗಂಡನ ನಾಲಿಗೆ ಒಂದೇ ಸದ್ದಿಗೆ ಗುಡಿಸಿ ಹಾಕುತ್ತಿತ್ತು.

ಇದು ಶುರುವಾದದ್ದು ಯುಗಾದಿಗೆ ಸ್ವಲ್ಪ ಮೊದಲು. ಶ್ರೀನಿವಾಸಪುರದಲ್ಲಿ ಯಾರೋ ಪುಣ್ಯಾತ್ಮರು ಉಚಿತ ತಪಾಸಣೆ ಶಿಬಿರ ನಡೆಸಿದ್ದರು. ಕಣ್ಣು ತೋರಿಸಲು ಹೋಗಿದ್ದ ಭಾರತಮ್ಮನಿಗೆ ಸಕ್ಕರೆ ಕಾಯಿಲೆ ಇದೆಯೆಂದು ಗೊತ್ತಾಯಿತು. ಇದೆ ಎಂದರೆ ಚೂರುಪಾರಲ್ಲ, ಆರರೊಳಗೆ ಇರಬೇಕಾದ ಮೂರು ತಿಂಗಳ ಸರಾಸರಿ ಹತ್ತೂವರೆ ದಾಟಿತ್ತು. ಅಲ್ಲಿದ್ದ ಎಳೆ ವಯಸ್ಸಿನ ಡಾಕ್ಟರು ಗೋಡೆಯ ಪಟ್ಟಿ ನೋಡಿ, ನಿಮ್ಮ ಎತ್ತರಕ್ಕೆ ಅರವತ್ತೈದು ಕೆ.ಜಿ. ಇರಬೇಕು, ಎಪ್ಪತ್ತೊಂಬತ್ತು ಇದ್ದೀರಿ ಎಂದಿದ್ದರು. ಅವರು ಇನ್ನೂ ಏನೇನೋ ಹೇಳಿದರು. ಮಾತ್ರೆ, ನಡಿಗೆ, ಊಟ, ಪಾದದ ಆರೈಕೆ. ಮುನಿಶಾಮಿಯ ಕಿವಿಯಲ್ಲಿ ಉಳಿದದ್ದು ಅರವತ್ತೈದು ಒಂದೇ.

ಅವನ ಅಕ್ಕ ಕದಿರಮ್ಮ ಇದೇ ಸಕ್ಕರೆ ಕಾಯಿಲೆಯಲ್ಲಿ ತೀರಿಕೊಂಡು ಆಗ ಎರಡು ವರ್ಷವಾಗಿತ್ತು. ಮೊದಲು ಬೆರಳು ಹೋಯಿತು, ಆಮೇಲೆ ಪಾದ, ಆಮೇಲೆ ಅವಳೇ. ಕೋಲಾರದ ಆಸ್ಪತ್ರೆಯ ಮೆಟ್ಟಿಲ ಮೇಲೆ ಹನ್ನೊಂದು ದಿನ ಕೂತಿದ್ದವನು ಮುನಿಶಾಮಿ. ಅವನ ಹೆದರಿಕೆ ಸುಳ್ಳಲ್ಲ ಎಂಬುದು ಭಾರತಮ್ಮನಿಗೂ ಗೊತ್ತಿತ್ತು. ಆದರೆ ಹೆದರಿದ ಗಂಡಸು ಸುಮ್ಮನೆ ಕೂರುವುದಿಲ್ಲವಲ್ಲ, ಕಾನೂನು ಮಾಡುತ್ತಾನೆ. ಹುಳು ಮೇಯಿಸುವುದು ಬೇಡ, ಮೈಗೆ ಆಯಾಸ, ಮನಸ್ಸಿಗೆ ಆಯಾಸ ಎಂದ. ದೀಪಾವಳಿಯೊಳಗೆ ಅರವತ್ತೈದಕ್ಕೆ ಇಳಿದರೆ ಸರಿ, ಇಲ್ಲದಿದ್ದರೆ ಹಿಪ್ಪುನೇರಳೆ ತೋಟ ಕೀಳಿಸಿ, ಆ ಒಂದೂವರೆ ಎಕರೆಯನ್ನು ಟೊಮೇಟೊ ಬೆಳೆಯುವ ಚನ್ನರಾಯಪ್ಪನಿಗೆ ಗುತ್ತಿಗೆಗೆ ಕೊಡುತ್ತೇನೆ ಎಂದ. ಚನ್ನರಾಯಪ್ಪ ಆಗಲೇ ಎರಡು ಸಲ ಬಂದು ತೋಟದ ಬದುಗಳನ್ನು ಹೆಜ್ಜೆಯಲ್ಲಿ ಅಳೆದು ಹೋಗಿದ್ದ.

ಆ ತೋಟ ಭಾರತಮ್ಮ ನೆಟ್ಟದ್ದು. ಕಡ್ಡಿ ತಂದು, ಗುಣಿ ತೋಡಿ, ಬಿಂದಿಗೆಯಲ್ಲಿ ನೀರು ಹೊತ್ತು ಬೇರು ಹಿಡಿಸಿದ್ದು ಅವಳು. ಹುಳುಮನೆಯೂ ಅವಳದೇ ರಾಜ್ಯ. ಹುಳುವಿಗೆ ಯಾವ ಹೊತ್ತಿಗೆ ಎಂಥ ಸೊಪ್ಪು, ಕಿಟಕಿ ಎಷ್ಟು ತೆರೆಯಬೇಕು, ಯಾವಾಗ ಸುಣ್ಣ ಉದುರಿಸಬೇಕು, ಎಲ್ಲ ಅವಳನ್ನು ಕೇಳಿಯೇ ನಡೆಯಬೇಕು. ಊರಲ್ಲಿ ಯಾರ ಮನೆಯ ಹುಳು ಸಪ್ಪಗಾದರೂ ಅವಳನ್ನೇ ಕರೆಯುತ್ತಿದ್ದರು. ಬೀಗ ಬಿದ್ದ ಮೇಲೆ ಯಾರೂ ಕರೆಯಲಿಲ್ಲ. ಎಲ್ಲರೂ ಎಷ್ಟು ಇಳಿದೆ ಎಂದು ಮಾತ್ರ ಕೇಳುತ್ತಿದ್ದರು. ಮಾಲೂರಿಗೆ ಕೊಟ್ಟಿದ್ದ ಮಗಳು ದಿವ್ಯಳೂ ಫೋನಿನಲ್ಲಿ ಊಟ ಆಯಿತಾ ಎನ್ನುವ ಜಾಗದಲ್ಲಿ ಈಗ ಅದನ್ನೇ ಕೇಳುತ್ತಿದ್ದಳು.

ಭಾರತಮ್ಮ ಕೈಕಟ್ಟಿ ಕೂತಿರಲಿಲ್ಲ. ಊರಿನ ಆರೋಗ್ಯ ಉಪಕೇಂದ್ರಕ್ಕೆ ವಾಣಿಶ್ರೀ ಎಂಬ ಹುಡುಗಿ ಅಧಿಕಾರಿಯಾಗಿ ಬಂದಿದ್ದಳು, ಮುಳಬಾಗಿಲು ಕಡೆಯವಳು, ಮಾತು ಕಡಿಮೆ, ಕೆಲಸ ಚೊಕ್ಕ. ಅವಳು ಹೇಳಿದ ಹಾಗೆ ಭಾರತಮ್ಮ ಮುದ್ದೆ ಅರ್ಧ ಮಾಡಿದಳು, ಸೊಪ್ಪುಸಾರು ಎರಡರಷ್ಟು ಮಾಡಿದಳು, ಕಾಫಿಗೆ ಸಕ್ಕರೆ ಬಿಟ್ಟಳು, ಬೆಳಗ್ಗೆ ಕೆರೆ ಕಟ್ಟೆಯ ಮೇಲೆ ಆ ತುದಿಯಿಂದ ಈ ತುದಿಗೆ ಮೂರು ಸಲ ನಡೆದಳು. ಕಲ್ಲುಬೆಂಚಿನಿಂದ ಕೈ ಊರದೆ ಏಳುವುದನ್ನು ಕಲಿತಳು. ಮೊದಲ ದಿನ ನಾಲ್ಕು ಸಲಕ್ಕೆ ಏದುಸಿರು ಬಿಟ್ಟವಳು ಈಗ ಇಪ್ಪತ್ತು ಸಲ ಎದ್ದು ಕೂರುತ್ತಿದ್ದಳು.

ಆದದ್ದೇನು ಎಂಬುದು ಅವಳಿಗೆ ಮಾತ್ರ ಗೊತ್ತು. ವರ್ಷಗಳಿಂದ ಸಂಜೆಯಾದರೆ ಅಂಗಾಲಿನಲ್ಲಿ ಕೆಂಡ ಮೆಟ್ಟಿದ ಉರಿ ಇರುತ್ತಿತ್ತು, ಅದು ಶ್ರಾವಣದಲ್ಲಿ ಒಂದು ದಿನ ಇಲ್ಲವಾಗಿತ್ತು. ಇಲ್ಲವಾದದ್ದು ಗೊತ್ತಾಗಲು ಅವಳಿಗೇ ಎರಡು ದಿನ ಹಿಡಿಯಿತು. ಬಾಯಿ ಒಣಗುವುದು ನಿಂತಿತು. ಅಟ್ಟಕ್ಕೆ ಏಣಿ ಹತ್ತಿ ರಾಗಿ ಮೂಟೆಯನ್ನು ಒಬ್ಬಳೇ ಇಳಿಸಿದಳು. ರವಿಕೆಯ ಹೊಲಿಗೆ ಎರಡು ಸಲ ಒಳಗೆ ತೆಗೆದಳು. ಸರಾಸರಿ ಸಕ್ಕರೆ ಹತ್ತೂವರೆಯಿಂದ ಏಳೂಕಾಲಿಗೆ ಬಂದಿತ್ತು. ವಾಣಿಶ್ರೀ ಆ ಕಾಗದ ಕೊಡುವಾಗ ಎದ್ದು ನಿಂತು ಕೈ ಕುಲುಕಿದ್ದಳು. ತೂಕ ಒಂದೂಕಾಲು ಕೆ.ಜಿ. ಇಳಿದಿದೆ ಅಷ್ಟೇ, ಕೊಬ್ಬು ಕರಗಿದ ಕಡೆ ತೊಡೆಯಲ್ಲಿ ಬಲ ಕೂಡಿದೆ, ತಕ್ಕಡಿಗೆ ಎರಡರ ವ್ಯತ್ಯಾಸ ಗೊತ್ತಾಗುವುದಿಲ್ಲ ಎಂದು ಬಿಡಿಸಿ ಹೇಳಿದ್ದಳು.

ಭಾರತಮ್ಮ ಆ ಕಾಗದವನ್ನು ಮದುವೆ ಕರೆಯೋಲೆಯ ಹಾಗೆ ಎರಡು ಕೈಯಲ್ಲಿ ಹಿಡಿದು ಮನೆಗೆ ತಂದಳು. ಮುನಿಶಾಮಿ ಅದನ್ನು ಮೇಲೆ ಕೆಳಗೆ ಮಾಡಿ, ಹಿಂದೆ ತಿರುಗಿಸಿ, ತೂಕ ಎಲ್ಲಿ ಬರೆದಿದ್ದಾರೆ ಎಂದು ಕೇಳಿದ. ಇದರಲ್ಲಿ ತೂಕ ಬರೆಯುವುದಿಲ್ಲ ಎಂದಳು. ಹಾಗಾದರೆ ಇದೆಂಥ ರಿಪೋರ್ಟು ಎಂದು ಮಡಿಚಿ ಪಂಚಾಂಗದ ಸಂದಿಗೆ ಸಿಕ್ಕಿಸಿ ದನಕ್ಕೆ ನೀರು ತೋರಿಸಲು ಹೋದ. ಭಾರತಮ್ಮ ಅಡುಗೆಮನೆಗೆ ಹೋಗಿ ಪಾತ್ರೆಗಳನ್ನು ಬೇಕೆಂದೇ ದಡಬಡ ಸದ್ದು ಮಾಡಿ ತೊಳೆದಳು. ಯಾರೂ ಏನಾಯಿತೆಂದು ಬರಲಿಲ್ಲ.

ಹೇಗಾದರೂ ಹಾಳು ಅಂಕಿ ಇಳಿಸೋಣವೆಂದು ಎರಡು ವಾರ ಭಾನುವಾರ ಪೂರ್ತಿ ಉಪವಾಸ ಮಾಡಿ ನೋಡಿದಳು. ಹೊಟ್ಟೆಗೆ ಏನೂ ಇಲ್ಲದೆ ಮಾತ್ರೆ ನುಂಗಿದ್ದಕ್ಕೆ ಎರಡನೆಯ ವಾರ ಬೆವರಿ, ಕೈ ನಡುಗಿ, ಕೊಟ್ಟಿಗೆಯ ಗೂಟ ಹಿಡಿದು ಕುಸಿದಳು. ವಿಷಯ ತಿಳಿದ ವಾಣಿಶ್ರೀ ಕೆಂಡಾಮಂಡಲವಾದಳು, ಇನ್ನೊಂದು ಸಲ ಹೀಗೆ ಮಾಡಿದರೆ ನಾನೇ ಬಂದು ಆ ತಕ್ಕಡಿ ಬಾವಿಗೆ ಎಸೆಯುತ್ತೇನೆ ಎಂದಳು. ಆ ಸೋಮವಾರ ತಕ್ಕಡಿ ಅರ್ಧ ಕೆ.ಜಿ. ಕಡಿಮೆ ತೋರಿಸಿತ್ತು. ಮುನಿಶಾಮಿ ಮಾತ್ರ, ನೋಡಿದ್ಯಾ, ಮನಸ್ಸು ಮಾಡಿದರೆ ಆಗುತ್ತದೆ ಎಂದು ಮೀಸೆಯಲ್ಲೇ ನಕ್ಕಿದ್ದ.

ಪಿತೃಪಕ್ಷದಲ್ಲಿ ಭಾರತಮ್ಮನಿಗೆ ಟೈಫಾಯ್ಡ್ ಬಂತು. ಹತ್ತು ದಿನ ಗಂಜಿಯೂ ನಿಲ್ಲಲಿಲ್ಲ. ಐದು ದಿನ ಕೋಲಾರದಲ್ಲಿ ಡ್ರಿಪ್ ಹಾಕಿಸಿಕೊಂಡು ಬಂದಳು. ಮುಖ ಬತ್ತಿ, ಕತ್ತಿನ ಮೂಳೆ ಎದ್ದು, ಬಳೆ ಮೊಣಕೈವರೆಗೆ ಜಾರುತ್ತಿತ್ತು. ಮನೆಗೆ ಬಂದ ಮೂರನೆಯ ದಿನ ಸೋಮವಾರ. ಗಂಡ ತೋಳು ಹಿಡಿದು ನಡೆಸಿಕೊಂಡು ಹೋಗಿ ತಕ್ಕಡಿ ಹತ್ತಿಸಿದ. ಹಲಗೆಯ ಮೇಲೆ ನಿಂತುಕೊಳ್ಳಲು ಬಾಗಿಲ ಚೌಕಟ್ಟು ಹಿಡಿಯಬೇಕಾಯಿತು. ಕೈ ಬಿಡು, ತೂಕ ತಪ್ಪುತ್ತದೆ ಎಂದು ಅವನು ಗದರಿದ. ಅವಳು ಕೈ ಬಿಟ್ಟಳು.

ಎಪ್ಪತ್ತು ಮುಕ್ಕಾಲು.

ಮುನಿಶಾಮಿ ಅಂದು ಶ್ರೀನಿವಾಸಪುರಕ್ಕೆ ಹೋಗಿ ಲಾಡು ತಂದ. ಅಕ್ಕಪಕ್ಕದ ನಾಲ್ಕು ಮನೆಗೆ ಹಂಚಿದ. ಬಂದ ಹೆಂಗಸರೆಲ್ಲ ಭಾರತಮ್ಮನ ಗಲ್ಲ ಹಿಡಿದು, ಎಷ್ಟು ಸಪೂರ ಆಗಿದ್ದೀಯ, ಹತ್ತು ವರ್ಷ ಚಿಕ್ಕವಳ ಹಾಗೆ ಕಾಣ್ತೀಯ ಎಂದರು. ದಿವ್ಯ ಫೋನಿನಲ್ಲಿ ಸಂತೋಷದಿಂದ ಕಿರುಚಿಕೊಂಡಳು. ಇನ್ನು ಐದೂಮುಕ್ಕಾಲು ತಾನೆ, ದಾರಿಗೆ ಬಂದಿದೆ, ತೋಟ ಇರಲಿ ಎಂದು ಮುನಿಶಾಮಿ ಚನ್ನರಾಯಪ್ಪನಿಗೆ ಹೇಳಿ ಕಳಿಸಿದ. ಅಲ್ಲಿಗೇ ನಿಲ್ಲಿಸದೆ, ಮರಿಹುಳು ಸಾಕಿ ಕೊಡುವ ಚಾಕಿ ಮನೆಯ ಚಂದ್ರಮೋಹನ್‌ಗೆ ಫೋನ್ ಮಾಡಿ ನೂರು ಮೊಟ್ಟೆಯ, ಎಂದರೆ ನೂರು ಚಿಟ್ಟೆಗಳು ಇಟ್ಟಷ್ಟು ಮೊಟ್ಟೆಯ, ಹುಳುವಿಗೆ ಹೇಳಿದ. ಹೆಂಡತಿಗೆ ಇದಕ್ಕಿಂತ ದೊಡ್ಡ ಉಡುಗೊರೆ ಬೇರೆ ಇಲ್ಲವೆಂದು ಅವನ ಎಣಿಕೆ. ಅದು ನಿಜವೂ ಹೌದು. ಆರು ತಿಂಗಳು ಅವಳು ಕಾದಿದ್ದು ಈ ಒಂದು ಮಾತಿಗೆ. ಅದು ಬಂದದ್ದು ಎದ್ದು ನಿಂತರೆ ಕಣ್ಣಿಗೆ ಕತ್ತಲೆ ಕಟ್ಟುವ ದಿನಗಳಲ್ಲಿ. ಹಾಸಿಗೆಯಲ್ಲಿ ಗೋಡೆ ಕಡೆ ಮುಖ ಮಾಡಿ ಭಾರತಮ್ಮ ಅತ್ತಳು. ಸಂತೋಷಕ್ಕೆ ಅಳ್ತಾವಳೆ ಅಂದುಕೊಂಡು ಅವನು ಸದ್ದಾಗದಂತೆ ಬಾಗಿಲು ಎಳೆದುಕೊಂಡು ಹೋದ.

ಬೇಡ ಎನ್ನಬಹುದಿತ್ತು. ಬೇಡ ಎಂದರೆ ಇನ್ನೊಂದು ಸಲ ಕೊಡುತ್ತಾನೆಂಬ ನೆಚ್ಚಿಗೆಯಿರಲಿಲ್ಲ. ಹಾಗಾಗಿ ಬಾಯಿ ಮುಚ್ಚಿಕೊಂಡಳು. ಆ ತಪ್ಪನ್ನು ಆಮೇಲೆ ಅವಳು ತನ್ನ ಲೆಕ್ಕಕ್ಕೇ ಹಾಕಿಕೊಂಡಳು.

ಹುಳು ಬಂದವು. ಮೊದಲ ನಾಲ್ಕು ದಿನ ಹೇಗೋ ತಳ್ಳಿದಳು. ಕೊನೆಯ ಪೊರೆ ಕಳಚಿ ಎದ್ದ ಮೇಲೆ ಹುಳು ತಿನ್ನುವ ಪರಿ ಗೊತ್ತಲ್ಲ, ಎಷ್ಟು ಹೊರೆ ತಂದರೂ ಸಾಲದು, ಮನೆಯೊಳಗೆ ಬಿಡದೆ ಸರಬರ ಸದ್ದು. ಗಣೇಶನ ಹಬ್ಬದ ಹೊತ್ತಿಗೆ ಇಪ್ಪತ್ತೈದು ಕೆ.ಜಿ. ಹುಲ್ಲಿನ ಹೊರೆಯನ್ನು ಆಟದ ಸಾಮಾನಿನ ಹಾಗೆ ಎತ್ತುತ್ತಿದ್ದವಳು ಈಗ ಒಂದು ತೆಕ್ಕೆ ಸೊಪ್ಪು ಹಿಡಿದು ಹುಳು ಮೇಯುವ ಅಟ್ಟಣಿಗೆಯ ಎರಡನೆಯ ಅಂತಸ್ತಿಗೆ ಕೈ ಚಾಚಲಾಗದೆ ನೆಲಕ್ಕೆ ಕೂತಳು. ಮುನಿಶಾಮಿಗೆ ಇದು ಅರ್ಥವೇ ಆಗಲಿಲ್ಲ. ತೂಕ ಇಳಿದಿದೆ, ಮೈ ಹಗುರಾಗಿದೆ, ಈಗಲ್ಲವೆ ಓಡಾಡಬೇಕಾದದ್ದು ಎಂದು ನಿಜವಾಗಿಯೂ ಕಂಗಾಲಾಗಿ ಕೇಳಿದ. ಕೊನೆಗೆ ಇಬ್ಬರು ಆಳು ಹಿಡಿದರು. ಆಳಿನವರು ಒದ್ದೆ ಸೊಪ್ಪು ಹಾಕಿದರು, ಹಿಕ್ಕೆ ತೆಗೆಯಲಿಲ್ಲ. ಭಾರತಮ್ಮ ಹಾಸಿಗೆಯಿಂದ ಕೂಗಿ ಹೇಳಿದ್ದು ಹುಳುಮನೆಗೆ ಕೇಳಲಿಲ್ಲ. ಕಾಲುಭಾಗ ಹುಳು ಗೂಡು ಕಟ್ಟುವ ಮೊದಲೇ ಕರಗಿ ಹೋದವು. ಸತ್ತ ಹುಳುವನ್ನು ಗುಂಡಿಗೆ ಹಾಕಿ ಸುಣ್ಣ ಸುರಿಯುವವರೆಗೆ ಅವಳು ಗೋಡೆ ಹಿಡಿದು ಅಲ್ಲೇ ನಿಂತಿದ್ದಳು. ಇಷ್ಟು ವರ್ಷದಲ್ಲಿ ಅವಳ ಕೈಯಿಂದ ಇಂಥ ಬೆಳೆ ಆಗಿರಲಿಲ್ಲ.

ಈ ನಡುವೆಯೇ ಅವಳು ನಿಧಾನವಾಗಿ ಚೇತರಿಸಿಕೊಳ್ಳತೊಡಗಿದ್ದಳು. ನಾಲಿಗೆಗೆ ರುಚಿ ಬಂತು, ಮುದ್ದೆ ಇಳಿಯಿತು, ಕೆರೆ ಕಟ್ಟೆ ಒಂದು ಸುತ್ತು, ಎರಡು ಸುತ್ತು. ಬೆಂಚಿನಿಂದ ಏಳುವುದು ಐದು ಸಲ, ಹತ್ತು ಸಲ. ಸಕ್ಕರೆ ಹತೋಟಿಯಲ್ಲೇ ಇತ್ತು. ಒಂದೊಂದು ದಿನಕ್ಕೂ ಕೈಕಾಲಿಗೆ ಕಸುವು ಬಂದ ಹಾಗೆ ಬಾಗಿಲ ಮೇಲಿನ ಅಂಕಿಯೂ ಏರಿತು. ಎಪ್ಪತ್ತೆರಡು. ಎಪ್ಪತ್ತನಾಲ್ಕು. ಲೊಚಗುಟ್ಟುವುದು ಮತ್ತೆ ಶುರುವಾಯಿತು. ಕೊನೆಗೆ ಭಾರತಮ್ಮನಿಗೆ ಊಟದ ಮುಂದೆ ಕೂತರೆ ಹೆದರಿಕೆಯಾಗತೊಡಗಿತು. ಹುಷಾರಾಗಲು ಹೆದರುವ ಹೆಂಗಸು ಈ ಜಿಲ್ಲೆಯಲ್ಲಿ ನಾನೊಬ್ಬಳೇ ಇರಬೇಕು ಎಂದು ವಾಣಿಶ್ರೀ ಮುಂದೆ ಹೇಳಿ ನಕ್ಕಳು. ವಾಣಿಶ್ರೀ ನಗಲಿಲ್ಲ.

ದೀಪಾವಳಿಗೆ ಎಂಟು ದಿನ ಇರುವಾಗಿನ ಸೋಮವಾರ. ತಕ್ಕಡಿ ಎಪ್ಪತ್ತಾರೂವರೆ ತೋರಿಸಿತು. ಮುನಿಶಾಮಿ ಲೊಚಗುಟ್ಟಲಿಲ್ಲ. ಸೀಮೆಸುಣ್ಣವನ್ನು ಕಿವಿಯಿಂದ ತೆಗೆಯಲೂ ಇಲ್ಲ.

"ಬಿಡು, ಆಗಲ್ಲ ಇದು," ಎಂದ. "ಚನ್ನರಾಯಪ್ಪಂಗೆ ಬರಾಕೆ ಹೇಳ್ತೀನಿ. ಹಬ್ಬ ಕಳೀಲಿ, ತೋಟ ಕೀಳಿಸ್ಬಿಡಾನ."

ಭಾರತಮ್ಮ ಹಲಗೆಯಿಂದ ಇಳಿಯಲಿಲ್ಲ. 

"ಎಪ್ಪತ್ತು ಇದ್ದಾಗ ನಾನು ಗೋಡೆ ಹಿಡ್ಕೊಂಡು ಬಚ್ಚಲಿಗೆ ಹೋಗ್ತಿದ್ದೆ. ನೀನು ಊರಿಗೆ ಲಾಡು ಹಂಚ್ದೆ," ಎಂದಳು. "ಮಾರ್ಕೆಟ್ಟಲ್ಲಿ ಗೂಡು ತಗೊಳ್ಳೋನು ಬರೀ ತೂಕ ನೋಡ್ತಾನಾ? ಕೈಗೆತ್ಕೊಂಡು ಅಲ್ಲಾಡಿಸ್ತಾನೆ, ಕಿವಿಗಿಟ್ಕೊಂಡು ಕೇಳ್ತಾನೆ, ಕೊಯ್ದು ಒಳಗೇನೈತೆ ಅಂತ ನೋಡ್ತಾನೆ. ಹುಳದ ಗೂಡಿಗಿರೋ ಮರ್ವಾದೆ ನಂಗಿಲ್ವಾ?"

ಮುನಿಶಾಮಿ ಬಾಯಿ ತೆರೆದ. ಅವಳು ಬಿಡಲಿಲ್ಲ.

"ಸತ್ತು ಸುಟ್ಟಾಕ್ದ ಮೇಲೆ ಒಂದು ಕುಡಿಕೆ ಬೂದಿ ಆಗ್ತೀನಿ. ಅದನ್ನ ತಂದು ಇದ್ರ ಮೇಲಿಟ್ಟು ತೂಗು. ನಿನ್ ಅರವತ್ತೈದಕ್ಕಿಂತ ಕಮ್ಮಿನೇ ಬರ್ತೈತೆ."

ಅವನು ಹೊಸ್ತಿಲ ಮೇಲೆ ಕೂತುಬಿಟ್ಟ.  ಆಮೇಲೆ ನೆಲ ನೋಡುತ್ತ ಹೇಳಿದ, ಅಕ್ಕನ್ನ ಕಳ್ಕೊಂಡೆ, ನಿನ್ನೂ ಕಳ್ಕೊಂಡ್ರೆ ಏನು ಮಾಡ್ಲಿ ಅಂತ. ಭಾರತಮ್ಮನ ಸಿಟ್ಟು ಇಳಿಯಲಿಲ್ಲ. ಇಳಿಯಬೇಕಾಗಿಯೂ ಇರಲಿಲ್ಲ.

"ನಿಮ್ಮಕ್ಕ ಸಾಯೋವಾಗ ಎಷ್ಟಿದ್ಲು? ನಲವತ್ತು ಕೆ.ಜಿ. ಇರ್ಲಿಲ್ಲ. ಸಣ್ಣ ಆಗವ್ಳೆ, ಸಕ್ಕರೆ ವಾಸಿ ಆಗೈತೆ ಅಂತ ನೀವೆಲ್ಲಾ ಅಂದ್ರಿ. ಬೆರಳು ಕೊಳೀತಿತ್ತು. ಯಾರಾದ್ರೂ ಕಾಲು ನೋಡಿದ್ರಾ? ಹೆಂಗಿದ್ದೀಯ ಅಂತ ಒಬ್ಬರಾದ್ರೂ ಕೇಳಿದ್ರಾ?"

ಈ ಮಾತು ಅವನಿಗೆ ಎಲ್ಲಿ ತಾಗಬೇಕೋ ಅಲ್ಲಿ ತಾಗಿತು. ತಲೆ ಎತ್ತಿದಾಗ ಕಣ್ಣು ತುಂಬಿತ್ತು.

"ಆ ರಿಪೋರ್ಟು ನಂಗೆ ಓದಕ್ ಬರಲ್ಲ ಕಣೇ," ಎಂದ. "ಓದಕ್ ಬರೋದು ಇದೊಂದೇಯ. ಇದೂ ಬೇಡ ಅಂದ್ರೆ ನಂಗೆ ಹೆಂಗ್ ಗೊತ್ತಾಗ್ಬೇಕು?"

"ನನ್ನ ಕೇಳು. ಬಾಯೈತೆ ನಂಗೆ."

ಹೇಳಿ ಹಲಗೆಯಿಂದ ಇಳಿದಳು. ಅವನ ಉತ್ತರಕ್ಕೆ ಕಾಯದೆ ಅಲ್ಲೇ ನಿಂತು ಚಂದ್ರಮೋಹನ್‌ಗೆ ಫೋನ್ ಮಾಡಿದಳು. ಹಬ್ಬ ಕಳೆದ ಮೇಲೆ ನೂರೈವತ್ತು ಮೊಟ್ಟೆಯ ಹುಳು ಬೇಕು ಎಂದಳು. ಆ ಕಡೆಯಿಂದ ಅವನು, ಮನೆಯವರು ಒಪ್ಪಿದ್ದಾರಾ ಅಕ್ಕಾ ಎಂದು ಕೇಳಿದ. ಮನೆಯವಳೇ ಮಾತಾಡ್ತಾ ಇರೋದು ಎಂದು ಇಟ್ಟಳು. ಮುನಿಶಾಮಿ ಎಲ್ಲವನ್ನೂ ಕೇಳಿಸಿಕೊಂಡ. ಬೇಡ ಎನ್ನಲಿಲ್ಲ. ಚನ್ನರಾಯಪ್ಪನ ಹೆಸರೂ ಎತ್ತಲಿಲ್ಲ.

ಬಿಸಿಲು ಅಂಗಳಕ್ಕೆ ಬಂದಿತ್ತು. ಅವನು ಕಿವಿಯ ಸೀಮೆಸುಣ್ಣ ತೆಗೆದು ಬದಿಗಿಟ್ಟ. ಹೆಣ್ಣು ನೋಡಲು ಬಂದ ದಿನವೂ ಅವನು ಇಷ್ಟು ತಡವರಿಸಿರಲಿಲ್ಲ.

"ಕಾಲು… ಹೆಂಗೈತೆ?" ಎಂದ.

 ಇಪ್ಪತ್ತಾರು ವರ್ಷದ ಸಂಸಾರದಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳದೆ, ಎಲ್ಲಿಂದ ಶುರುಮಾಡಬೇಕೆಂಬುದೇ ಭಾರತಮ್ಮನಿಗೆ ಗೊತ್ತಿರಲಿಲ್ಲ. ಅದಕ್ಕೂ ಸಿಟ್ಟು ಬಂತು. ಅವನ ಪಕ್ಕ ಹೊಸ್ತಿಲ ಮೇಲೆ ಕೂತು, ಬಲ ಅಂಗಾಲನ್ನು ಮಡಿಲಿಗೆ ಎಳೆದುಕೊಂಡು, ಉರಿ ಮೊದಲು ಎಲ್ಲಿ ಹತ್ತಿತ್ತು, ಯಾವ ವರ್ಷ, ಎಷ್ಟು ಸಂಜೆ ಬಕೆಟ್ಟಿನ ತಣ್ಣೀರಲ್ಲಿ ಕಾಲಿಟ್ಟು ಒಬ್ಬಳೇ ಕೂತಿದ್ದೆ, ಅದು ಯಾವ ದಿನ ಬಿಟ್ಟುಹೋಯಿತು, ಎಲ್ಲ ಹೇಳತೊಡಗಿದಳು. ಅವನು ಬೆರಳುಗಳ ಸಂದಿಯನ್ನು ಒಂದೊಂದಾಗಿ ಬಿಡಿಸಿ ನೋಡಿದ. ಸುಮಾರು ಹೊತ್ತಾಯಿತು. ಕೊಟ್ಟಿಗೆಯಲ್ಲಿ ಹಸು ಕೂಗಿತು, ಮುನಿಶಾಮಿ ಅಭ್ಯಾಸಬಲದಿಂದ ಮೊಣಕಾಲಿನ ಮೇಲೆ ಕೈಯೂರಿ ಅರ್ಧ ಎದ್ದ.

"ಕೂತ್ಕೋ," ಎಂದಳು ಭಾರತಮ್ಮ. "ಇನ್ನೂ ಪಾದದಲ್ಲೇ ಇದ್ದೀನಿ."